ಮೊದಲ ಸೊಲ್ಲು ಎತ್ತುವವಳು

ಸಾಗರದಿಂದ ತೀರ್ಥಹಳ್ಳಿಗೆ ಹೊರಟಿದ್ದ ನಮ್ಮ ಬಸ್ಸು ಆ ಸಂಜೆ ರಿಪ್ಪನ್‌ಪೇಟೆಯಲ್ಲಿ ನಿಂತುಬಿಟ್ಟಿತು. ಕೋಣಂದೂರಿಗೆ ಮೊದಲೇ ಎಲ್ಲೋ ಮರ ಬಿದ್ದಿದೆಯಂತೆ, ಬೀಳುವಾಗ ಕರೆಂಟಿನ ಕಂಬವನ್ನೂ ಎಳೆದುಕೊಂಡಿದೆಯಂತೆ, ತೆಗೆದು ಮುಗಿಸುವ ತನಕ ಹೋಗುವ ಮಾತೇ ಇಲ್ಲ ಎಂದು ಹೇಳಿ ಕಂಡಕ್ಟರ್ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದುಹೋದ. ಮಳೆ ಎಂದರೆ ಮಳೆ. ಸ್ಟ್ಯಾಂಡಿನ ತಗಡಿನ ಮೇಲೆ ಅದು ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ನಾವು ಒಂದಷ್ಟು ಜನ ಸ್ಟ್ಯಾಂಡಿನ ಎದುರಿಗಿದ್ದ ದಿನೇಶನ ಹೋಟೆಲಿಗೆ ನುಗ್ಗಿ, ಒಲೆಗೆ ಹತ್ತಿರವಾಗಿದ್ದ ಬೆಂಚುಗಳ ಮೇಲೆ ಒತ್ತಿಕೊಂಡು ಕೂತೆವು. ದಿನೇಶ ಎಲ್ಲರಿಗೂ ಕಾಫಿ ಕೊಟ್ಟು ಬೋಂಡಕ್ಕೆ ಎಣ್ಣೆ ಇಟ್ಟ.

ನನ್ನ ಎದುರಿಗೆ ದೀಪಶ್ರೀ ಎಂಬ ಕಾಲೇಜು ಹುಡುಗಿ ಕೂತಿದ್ದಳು. ಹೊತ್ತು ಹೋಗದೆ ಅವಳು ಮೊಬೈಲಿನಲ್ಲಿ ಯಾವುದೋ ಮದುವೆಯ ವೀಡಿಯೊ ಹಾಕಿದಳು. ಹೆಂಗಸರ ಗುಂಪೊಂದು ಸೋಬಾನೆ ಪದ ಹೇಳುತ್ತಿತ್ತು. ಒಬ್ಬಳು ಮೊದಲು ಎತ್ತುವುದು, ಉಳಿದವರು ಹಿಂದಿನಿಂದ ಸೇರಿಕೊಳ್ಳುವುದು. ಹೋಟೆಲಿನ ಹಂಚಿನ ಮಾಡಿನಡಿ, ಮಳೆಯ ಸದ್ದಿನ ನಡುವೆಯೂ ಅದು ಚೆನ್ನಾಗಿಯೇ ಕೇಳುತ್ತಿತ್ತು.

"ಆರಿಸು ಮಗಾ ಅದನ್ನ."

ಹೇಳಿದ್ದು ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ. ದಿನೇಶನಿಗೆ ಪರಿಚಯದವರು, ಯಮುನಮ್ಮ ಎಂದು ಅವನೇ ಹೇಳಿದ.

"ಯಾಕಜ್ಜಿ? ನಮ್ಮ ಅಕ್ಕನ ಮದುವೇದು. ಚೆಂದ ಇಲ್ವಾ?" ಅಂದಳು ದೀಪಶ್ರೀ.

"ಚೆಂದ ಇರೋದ್ಕೇ ಹೇಳಿದ್ದು."

ಹುಡುಗಿ ಆರಿಸಿದಳು. ದಿನೇಶ ಜಾಲರಿಯಲ್ಲಿ ಬೋಂಡ ಎತ್ತುತ್ತಾ, "ಹೇಳಿ ಯಮುನಮ್ಮಾ, ಹೆಂಗೂ ಬಸ್ಸು ಹೊರಡಲ್ಲ. ನಿಮ್ಮ ಕೊಪ್ಪದ ಆ ಹಾಡೋರ ವಿಷಯ ತಾನೆ?" ಅಂದ. ಅಜ್ಜಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಮುಖಗಳನ್ನು ಒಂದು ಸುತ್ತು ನೋಡಿದರು. ಆಮೇಲೆ ಹೇಳತೊಡಗಿದರು.

*

ನಮ್ಮೂರು ಹೊಸನಗರ ರೋಡಲ್ಲಿ ಇಳಿದು ಒಳಗೆ ನಡೀಬೇಕು. ಸಣ್ಣ ಕೊಪ್ಪ, ನಾಲ್ಕಾರು ಮನೆ ಅಷ್ಟೆ. ಅಲ್ಲಿ ಭೂತಪ್ಪ, ಮಾರಪ್ಪ ಅಂತ ಅಣ್ಣತಮ್ಮ. ಅಪ್ಪನ ಕಾಲದಲ್ಲಿ ಗೇಣಿ ಮಾಡ್ತಿದ್ದ ಗದ್ದೆ ಆಮೇಲೆ ಅವರದ್ದೇ ಆತು, ಪಾಲೂ ಆತು, ಒಂದು ಮನೆ ಎರಡಾತು. ನಡುವೆ ಒಂದೇ ಗೋಡೆ, ಎದುರಿಗೆ ಒಂದೇ ಉದ್ದದ ಜಗಲಿ. ಭೂತಪ್ಪನ ಹೆಂಡ್ತಿ ಕನ್ನಮ್ಮ, ಮಾರಪ್ಪನ ಹೆಂಡ್ತಿ ರಂಗಮ್ಮ. ವಾರಗಿತ್ತೀರು. ನಾನು ಅವರ ಪಕ್ಕದ ಮನೆಯೋಳು, ಅವರ ಜೊತೆ ಹಾಡೋಳು.

ಕನ್ನಮ್ಮನ ದನಿ ಹೆಂಗಿತ್ತು ಅಂತ ನಿಮಗೆ ಹೇಳೋದಾದ್ರೂ ಹೆಂಗೆ... ಅವಳು ಸೊಲ್ಲು ಎತ್ತಿದಳು ಅಂದ್ರೆ ಮದುವೆ ಚಪ್ಪರದಲ್ಲಿ ಅಡಿಗೆಯವನು ಸೌಟು ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಲ್ತಿದ್ದ, ಇಸ್ಪೀಟು ಆಡೋ ಗಂಡಸರು ಎಲೆ ಮಗುಚಿ ಇಡ್ತಿದ್ರು. ಮೈಕು ಬೇಡ, ಎಂತದೂ ಬೇಡ. ಅವಳು ಎತ್ತೋದು, ರಂಗಮ್ಮ ಅದರ ಬಾಲ ಹಿಡಿದು ಮುಗಿಸೋದು, ನಾವು ಹಿಂದೆ ಕೂತೋರು ಅದನ್ನೇ ತಿರುಗಿ ಹೇಳೋದು. ಅರಿಶಿಣದ ಹಾಡು, ಹಸೆಗೆ ಕರೆಯೋ ಹಾಡು, ಬಾಗಿಲು ತಡೆಯೋ ಹಾಡು, ಎಲ್ಲಾ ಹಂಗೇ. ಆದ್ರೆ ಕಡೇಲಿ ಹೆಣ್ಣೊಪ್ಪಿಸೋ ಹಾಡು ಅಂತ ಇರ್ತದಲ್ಲ, ಅದರ ಕಡೇ ನುಡಿ ಮಾತ್ರ ಬೇರೆ. ಅದನ್ನ ಕನ್ನಮ್ಮ ನಮ್ಮ ಜೊತೆ ಹಾಡ್ತಿರ್ಲಿಲ್ಲ. ಮದುಮಗಳ ತಲೆ ಮೇಲೆ ತನ್ನ ಸೆರಗು ಮುಚ್ಚಿ, ಅದರೊಳಗೆ ತಾನೂ ತಲೆ ಹಾಕಿ, ಹುಡುಗಿ ಕಿವೀಲಿ ಹೇಳ್ತಿದ್ಲು. ಅವಳಿಗೆ ಅವಳ ಅವ್ವ ಹಂಗೇ ಕಲಿಸಿದ್ದಂತೆ. ಹೊರಗಿದ್ದ ನಮಗೆ ಕೇಳ್ತಿದ್ದದ್ದು ಜೇನು ಗುಂಯ್ ಅಂದ ಹಾಗೆ ಒಂದು ಸದ್ದು ಅಷ್ಟೆ. ಸೆರಗು ತೆಗೆದ್ರೆ ಹುಡುಗಿ ಮುಖ ತೊಯ್ದು ತೊಪ್ಪೆಯಾಗಿರ್ತಿತ್ತು, ಆದ್ರೆ ಎದೆ ಹಗುರಾದವರ ಹಾಗೆ ಎದ್ದು ನಡೀತಿದ್ಲು. ಎಂತ ಹೇಳಿದ್ಲೇ ಅಂತ ಆಮೇಲೆ ಕೇಳಿದ್ರೆ ಯಾರಿಗೂ ಸರಿ ನೆನಪಿಲ್ಲ. ಆ ಅಳುವಿನಲ್ಲಿ ಯಾರಿಗೆ ನೆನಪಿರ್ತದೆ ಹೇಳಿ?

ಅಂಥ ದನಿ ಇದ್ದೋಳಿಗೆ ಹೆಮ್ಮೆ ಇರ್ಲಿಲ್ವಾ? ಇತ್ತು. ಇರ್ಲಿ ಬಿಡಿ, ಮನುಷ್ಯಂಗೆ ಹೆಮ್ಮೆ ಇಲ್ದೇ ಇದ್ರೆ ಒಂದು ಗದ್ದೆ ಬದು ಕೂಡ ನೆಟ್ಟಗೆ ಕಟ್ಟಲ್ಲ ಅವನು. "ನಂಗೆ ಬರ್ತದೆ" ಅನ್ನೋದ್ರಲ್ಲಿ ತಪ್ಪು ಎಂತ ಅದೆ? ಆದ್ರೆ ಅದು ಯಾವತ್ತೋ ಒಂದಿನ "ನಂಗೆ ಮಾತ್ರ ಬರ್ಬೇಕು" ಅಂತ ಆಗಿಬಿಡ್ತದೆ ನೋಡಿ... ಯಾವತ್ತು ಆತು ಅಂತ ನೋಡೋರಿಗೆ ತಿಳಿಯಲ್ಲ, ಅವರಿಗಂತೂ ತಿಳಿಯೋದೇ ಇಲ್ಲ.

ಕನ್ನಮ್ಮನ್ನ ಮದುವೆಗೆ ಕರೆಯೋದು ಅಂದ್ರೆ ಅದಕ್ಕೊಂದು ಕ್ರಮ ಇತ್ತು. ಹೆಣ್ಣಿನ ಮನೆಯವರೇ ಬರ್ಬೇಕು, ತಟ್ಟೇಲಿ ವೀಳ್ಯ ಇಟ್ಟು ಅವಳ ಕೈಗೇ ಕೊಡ್ಬೇಕು. ಕಾರು ಬಂದ್ರೆ ಮುಂದಿನ ಸೀಟು ಅವಳದ್ದು. ಚಪ್ಪರದಲ್ಲಿ ಕಂಬಕ್ಕೆ ಒರಗೋ ಜಾಗ ಅವಳದ್ದು. ಮದುಮಗಳು ಅವಳ ಕಾಲಿಗೆ ಮೊದಲು, ನಮ್ಮ ಕಾಲಿಗೆ ಆಮೇಲೆ. ಯಾರಾದ್ರೂ ತಪ್ಪಿ ರಂಗಮ್ಮನಿಗೆ "ನೀವೂ ಚೆಂದ ಹಾಡ್ತೀರಿ" ಅಂದ್ರೆ, ಕನ್ನಮ್ಮ ನಗ್ತಾನೇ, "ಹೌದು, ನಾನು ಹಿಡಿದ ದಾರೀಲಿ ಬರ್ತಾಳೆ ಪಾಪ" ಅಂತಿದ್ಲು. ಆ "ಪಾಪ" ಅನ್ನೋದನ್ನ ರಂಗಮ್ಮ ಕೇಳಿ ನುಂಗಿಕೊಳ್ತಿದ್ಲು. ಎಷ್ಟು ವರ್ಷ ನುಂಗಿದಳೋ! ಒಳಗೆ ಅದೆಲ್ಲಾ ಎಲ್ಲಿಗೆ ಹೋಗಿ ಸೇರ್ತಿತ್ತೋ...

ಆಮೇಲೆ ಆ ಮಂಡಗದ್ದೆ ಮದುವೆ ಬಂತು.

ತೀರ್ಥೇಶ ಅಂತ ಹುಡುಗ, ಅವನ ತಂಗಿ ಮದುವೆ. ಅಪ್ಪ ಇಲ್ಲ, ಅವನೇ ಎಲ್ಲ ಕಡೆ ಓಡಾಡ್ತಿದ್ದ. ವೀಳ್ಯ ಹಿಡ್ಕೊಂಡು ನಮ್ಮ ಕೊಪ್ಪಕ್ಕೆ ಬಂದ. ಆ ಹೊತ್ತಿಗೆ ಕನ್ನಮ್ಮ ಗದ್ದೆ ಕಡೆ ಹೋಗಿದ್ಲು. ಜಗಲೀಲಿ ರಂಗಮ್ಮ ಅಕ್ಕಿ ಆರಿಸ್ತಾ ಕೂತಿದ್ಲು. ಅವನಿಗೆಂತ ಗೊತ್ತು ಈ ಕ್ರಮ ಗಿಮ? "ಅಮ್ಮಾ, ಎಲ್ಲರೂ ಬರ್ಬೇಕು, ಕಾರು ಕಳಿಸ್ತೀನಿ" ಅಂತ ತಟ್ಟೆ ರಂಗಮ್ಮನ ಕೈಗೆ ಕೊಟ್ಟು ಬೈಕ್ ಹತ್ತಿ ಹೋದ. ನಾನು ನಮ್ಮ ಅಂಗಳದಲ್ಲೇ ಇದ್ದೆ. ರಂಗಮ್ಮ ಒಂದು ಮಾತು ಹೇಳ್ಬಹುದಿತ್ತು, "ತಡಿ ಮಗಾ, ಅಕ್ಕ ಬರ್ತಾಳೆ, ಅವಳಿಗೆ ಕೊಡು" ಅಂತ. ಹೇಳ್ಲಿಲ್ಲ. ಆ ತಟ್ಟೆ ಮಡಿಲಲ್ಲಿ ಇಟ್ಕೊಂಡು, ವೀಳ್ಯದೆಲೆ ಮೇಲೆ ಕೈ ಆಡಿಸ್ತಾ ಸುಮ್ನೆ ಕೂತಿದ್ಲು.

ಕನ್ನಮ್ಮ ಬಂದ್ಲು. ತಟ್ಟೆ ನೋಡಿದ್ಲು. ಯಾರು ಬಂದಿದ್ರು ಅಂತ ಕೇಳಿದ್ಲು, ಇವಳು ಹೇಳಿದ್ಲು. ಅಷ್ಟೆ ಮಾರಾಯ್ರೇ. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.

ಮದುವೆ ದಿನ ಕಾರು ಬಂತು. ನಾವೆಲ್ಲ ಹೊರಟು ನಿಂತ್ವಿ. ಕನ್ನಮ್ಮನೂ ಹೊರಟಿದ್ಲು, ಕಿಟಕೀಲಿ ನಂಗೆ ಕಂಡಿತ್ತು, ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮಂಚದ ಮೇಲೆ ನೆಟ್ಟಗೆ ಕೂತಿದ್ಲು. ರಂಗಮ್ಮ ಅಂಗಳದಿಂದ ಕೂಗಿದ್ಲು, "ಅಕ್ಕಾ, ಬರ್ತೀಯಾ?"

"ನೀವು ನಡೀರಿ, ನಾನು ಬರ್ತೀನಿ."

ಆ ಮಾತಿಗೆ ಅರ್ಥ ಎಂತ ಅಂತ ನಮಗೆಲ್ಲ ಗೊತ್ತು. ಒಳಗೆ ಬಂದು ಕರೀರಿ, ಕೈ ಹಿಡಿದು ಎಬ್ಬಿಸಿ ಅಂತ. ನಾನು ಒಳಗೆ ಹೋಗಕ್ಕೆ ಹೊರಟೆ. ಅಷ್ಟರಲ್ಲಿ ರಂಗಮ್ಮ ಕಾರಿನ ಮುಂದಿನ ಬಾಗಿಲು ತೆಗೆದು, ಮುಂದಿನ ಸೀಟಲ್ಲಿ ಕೂತು, "ಬರ್ತಾಳಂತೆ. ಹೋಗಣ ನಡಿ" ಅಂದ್ಲು ಡ್ರೈವರಿಗೆ. ಅವಳ ಮುಖ ನಾನು ನೋಡಿದೆ. ಹಬ್ಬದ ದಿನ ಹೊಸ ಬಟ್ಟೆ ಹಾಕ್ಕೊಂಡ ಕೂಸಿನ ಹಾಗಿತ್ತು. ಎಂತ ಹೇಳಲಿ ನಾನು?

ಅವತ್ತು ಮಂಡಗದ್ದೇಲಿ ರಂಗಮ್ಮ ಸೊಲ್ಲು ಎತ್ತಿದ್ಲು. ಸುಳ್ಳು ಹೇಳ್ಬಾರ್ದು, ಚೆಂದ ಹಾಡಿದ್ಲು. ಕನ್ನಮ್ಮಂದು ಬೆಟ್ಟದಿಂದ ಬೀಳೋ ನೀರಾದ್ರೆ ಇವಳದ್ದು ತುಂಗೆ ಹೊಳೆ ಹಾಗೆ, ಅಗಲಕ್ಕೆ, ತಣ್ಣಗೆ. ಇಷ್ಟು ವರ್ಷ ಬಾಲ ಮಾತ್ರ ಹಿಡಿದೋಳಲ್ಲ, ತಲೆ ಸಿಕ್ಕಿದಾಗ ಬಿಡ್ತಾಳಾ? ಕಡೇ ನುಡಿಗೆ ಬಂದಾಗ ಮಾತ್ರ ಅವಳಿಗೆ ಗೊತ್ತಿರ್ಲಿಲ್ಲ, ಹುಡುಗಿ ತಲೆ ಸವರಿ ಸುಮ್ನಾದ್ಲು. ಯಾರೂ ಕೇಳ್ಲೂ ಇಲ್ಲ.

ಕನ್ನಮ್ಮನ ಮೊಮ್ಮಗಳು ಲಿಖಿತಾ ನಮ್ಮ ಜೊತೆ ಬಂದಿದ್ಲು. ಸಾಗರದಲ್ಲಿ ಓದಿ ಅಲ್ಲೇ ಬಟ್ಟೆ ಅಂಗಡೀಲಿ ಕೆಲಸಕ್ಕಿದ್ದ ಹುಡುಗಿ, ಒಳ್ಳೇ ಮನಸ್ಸಿಂದು. ಪೂರಾ ವೀಡಿಯೊ ಮಾಡಿದ್ಲು, ಸ್ಟೇಟಸ್ಸಿಗೆ ಹಾಕಿದ್ಲು, ಅದು ಹೊಸನಗರ, ಸಾಗರ, ತೀರ್ಥಹಳ್ಳಿ ಎಲ್ಲ ಸುತ್ತಿ ನಮ್ಮೂರಿನ ಮೊಬೈಲಿಗೇ ವಾಪಸ್ ಬಂತು. ಅವತ್ತು ಮನೆಗೆ ಬಂದ ಕೂಡ್ಲೆ ಅಜ್ಜಿಗೂ ತೋರಿಸಿದ್ಲು. ಕನ್ನಮ್ಮ ಆ ರೇಷ್ಮೆ ಸೀರೆ ಇನ್ನೂ ಬಿಚ್ಚಿರ್ಲಿಲ್ಲ. ಕೂತಲ್ಲೇ ಕೂತಿದ್ಲು. ಕಾರು ವಾಪಸ್ ಬರ್ತದೆ ಅಂತ ಇಡೀ ದಿನ ಕಾದಿದಾಳೆ, ಅನ್ನ ಕೂಡ ಉಂಡಿಲ್ಲ ಅಂತ ಭೂತಪ್ಪ ನನ್ನ ಹತ್ರ ಆಮೇಲೆ ಹೇಳಿದ.

"ಇನ್ನೊಂದ್ಸಲ ಹಾಕು" ಅಂದ್ಲಂತೆ. ಲಿಖಿತಾ ಹಾಕಿದ್ಲು. "ಇನ್ನೊಂದ್ಸಲ." ಹಾಕಿದ್ಲು. ತಪ್ಪು ಹುಡುಕ್ತಿದ್ಲು ಕಣ್ರೇ! ಕಡೆಗೆ ಒಂದು ಕಡೆ ರಂಗಮ್ಮ ಉಸಿರು ತಗೊಂಡ ಜಾಗ ಸರಿ ಇಲ್ಲ ಅಂತ ಸಿಕ್ತು. ಅದನ್ನೇ ನಂಗೆ ಹೇಳಿದ್ಲು, ಹಾಲು ಹಾಕೋಕೆ ಬಂದೋರಿಗೆ ಹೇಳಿದ್ಲು, ಬಸ್ಸಿಗೆ ಕಾಯೋರಿಗೆ ಹೇಳಿದ್ಲು. "ಅಲ್ಲಿ ಉಸಿರು ತಗೋಬಾರ್ದು. ಅದೂ ಗೊತ್ತಿಲ್ಲ ಪಾಪ." ಅವರೆಲ್ಲ ಹೌದಾ ಅಂತ ತಲೆ ಆಡಿಸಿ, ಆ ಕಡೆ ಹೋಗಿ ಮತ್ತದೇ ಹಾಡು ಹಾಕ್ಕೊಂಡು ಕೇಳ್ತಿದ್ರು. ಗೋಡೆ ಆ ಕಡೆಯಿಂದ, ರಸ್ತೆಯಿಂದ, ಹಾಲಿನ ಡೈರಿಯಿಂದ... ಎಲ್ಲಿ ಹೋದ್ರೂ ರಂಗಮ್ಮನ ದನಿ. ಆ ಸಂಕಟ ಹೆಂಗಿರ್ತದೆ ಗೊತ್ತಾ ನಿಮಗೆ? ನಿಮ್ಮದು ಅಂತ ತಿಳ್ಕೊಂಡಿದ್ದ ಒಂದೇ ಒಂದು ವಸ್ತು ಇನ್ನೊಬ್ಬರ ಕೈಲೂ ಅಷ್ಟೇ ಹೊಳೀತದೆ ಅಂತ ಕಂಡ್ರೆ? ಕನ್ನಮ್ಮ ಊಟ ಬಿಟ್ಲು. ಬಾವಿಕಟ್ಟೇಲಿ ರಂಗಮ್ಮ ಸಿಕ್ಕಿದ್ರೆ ಕೊಡ ಅಲ್ಲೇ ಬಿಟ್ಟು ಬರ್ತಿದ್ಲು.

ಆ ಮಳೆಗಾಲ ಜ್ವರ ಹಿಡೀತು. ಎದೇಲಿ ಕಫ ಕಟ್ತು. ಹೊಸನಗರದಲ್ಲಿ ತೋರಿಸಿದ್ರು, ಶಿವಮೊಗ್ಗಕ್ಕೆ ಹೋಗಿ ಅಂದ್ರು, ಅವಳು ಒಪ್ಪಲಿಲ್ಲ. ಅಷ್ಟರಲ್ಲಿ ಲಿಖಿತಾಗೆ ಮದುವೆ ಗೊತ್ತಾಗಿತ್ತು. ಒಂದು ಬೆಳಿಗ್ಗೆ ರಂಗಮ್ಮ ಗಂಜಿ ಮಾಡ್ಕೊಂಡು ಬಂದ್ಲು. ನಾನು ಕಾಲು ತಿಕ್ತಾ ಕೂತಿದ್ದೆ.

"ಅಕ್ಕಾ, ಕೂಸಿನ ಮದುವೆ ಬಂತು. ಆ ಕಿವೀಲಿ ಹೇಳೋ ನುಡಿ ಯಾರಿಗಾದ್ರೂ ಹೇಳೇ. ನಂಗೆ ಬೇಡ ಅಂದ್ರೆ ಯಮುನಂಗೆ ಹೇಳು. ನಿನ್ನ ಜೊತೆ ಹೋಗೋದು ಬೇಡ ಅದು."

ಕನ್ನಮ್ಮ ಕಣ್ಣು ಬಿಟ್ಟು ನೋಡಿದ್ಲು. "ಹೇಳ್ತೀನಿ. ಊರವರನ್ನೆಲ್ಲ ಕರ್ಕೊಂಡು ಬಾ. ಅವರ ಎದುರಿಗೆ ನನ್ನ ಕಾಲು ಹಿಡಿ. ಹಾಡು ಅಂದ್ರೆ ನಿಂದೇ ಅಕ್ಕಾ, ನಂದಲ್ಲ ಅಂತ ಹೇಳು. ಹೇಳ್ತೀನಿ."

ಕಾಲು ಅಲ್ಲೇ ಇತ್ತು ಕಣ್ರೇ, ನನ್ನ ಕೈಲೇ ಇತ್ತು. ರಂಗಮ್ಮ ಒಂದು ಬಗ್ಗಿದ್ರೆ ಆಗ್ತಿತ್ತು. ಅವಳು ಗಂಜಿ ಪಾತ್ರೆ ಕೆಳಗಿಟ್ಟು, ಸೆರಗು ಸರಿ ಮಾಡ್ಕೊಂಡು, "ಮೊದಲು ಜ್ವರ ಇಳೀಲಿ ಅಕ್ಕಾ, ಆಮೇಲೆ ನೋಡಣ" ಅಂತ ಎದ್ದು ಹೋದ್ಲು. ಅವಳಿಗೇನು ಕಮ್ಮಿ ಇತ್ತಾ? ಒಬ್ಬಳದ್ದು ಹೊರಗೆ ಕಾಣೋ ಜಂಭ, ಇನ್ನೊಬ್ಬಳದ್ದು ಒಳಗೆ ಬೇರು ಬಿಟ್ಟದ್ದು.

ಅವಳು ಹೋದ ಮೇಲೆ ಕನ್ನಮ್ಮ ನನ್ನ ಕೈ ಹಿಡಿದ್ಲು. ಜ್ವರ ಬಂದ ಕೈ, ಕೆಂಡದ ಹಾಗಿತ್ತು. "ನನ್ನ ಮೊಮ್ಮಗಳ ಮದುವೇಲಿ ಹೆಂಗೆ ಹಾಡ್ತಾಳೋ ನೋಡ್ತೀನಿ" ಅಂದ್ಲು.

ಅದೇ ವಾರ ತೀರಿಕೊಂಡ್ಲು. ಆ ನುಡೀನೂ ಹೋತು.

ವರ್ಷದೊಳಗೆ ಮಾಡ್ಬೇಕು ಅಂತ ಇಲ್ಲೇ ರಿಪ್ಪನ್‌ಪೇಟೇಲೇ ಛತ್ರ ಹಿಡಿದು ಲಿಖಿತಾ ಮದುವೆ ಮಾಡಿದ್ರು. ಬೆಳ್ಳಂಬೆಳಿಗ್ಗೆ, ಬಿಸಿಲು ಬಿದ್ದ ಹೊತ್ತು. ಇನ್ನೂರು ಮುನ್ನೂರು ಜನ ಇದ್ರು. ರಂಗಮ್ಮ ಕಂಬಕ್ಕೆ ಒರಗಿ ಕೂತ್ಲು, ಅವಳ ಹಿಂದೆ ನಾವು. ಗಂಟಲು ಸರಿ ಮಾಡ್ಕೊಂಡು ಹಸೆಗೆ ಕರೆಯೋ ಹಾಡು ಎತ್ತಿದ್ಲು...

ನನ್ನ ಪಕ್ಕ ಕೂತಿದ್ದ ಮೀನಾಕ್ಷಮ್ಮ ನನ್ನ ತೊಡೆ ಗಟ್ಟಿ ಹಿಡಿದ್ಲು. ಆ ದನಿ ಕನ್ನಮ್ಮಂದು. ಹಾಗಿದೆ ಹೀಗಿದೆ ಅಂತ ಅಲ್ಲ, ಅದೇ. ಬೆಟ್ಟದಿಂದ ಬೀಳೋ ನೀರು. ತುಟಿ ರಂಗಮ್ಮಂದು, ಹಲ್ಲು ರಂಗಮ್ಮಂದು, ಒಳಗಿಂದ ಬರೋದು ಅವಳು. ಮಂಡಗದ್ದೇಲಿ ಉಸಿರು ತಗೊಂಡಿದ್ದ ಆ ಜಾಗ ಬಂತು ನೋಡಿ... ಅಲ್ಲಿ ಉಸಿರು ತಗೊಳ್ಳಲೇ ಇಲ್ಲ. ರಂಗಮ್ಮನ ಕುತ್ತಿಗೆ ನರ ಉಬ್ಬಿ ಬಂತು, ಕಣ್ಣಲ್ಲಿ ನೀರು ಬಂತು, ಅವಳ ಎದೆ ಗಾಳಿ ಬೇಕು ಅಂತ ಒದ್ದಾಡ್ತಾ ಅದೆ, ದನಿ ಮಾತ್ರ ಬಿಡ್ತಿಲ್ಲ, ಎಳೀತಾ ಎಳೀತಾ ಹೋಗ್ತಾ ಅದೆ. ಜನ ಎಲ್ಲ "ಅಬ್ಬಾ, ಥೇಟ್ ಕನ್ನಮ್ಮ!" ಅಂತ ಚಪ್ಪಾಳೆ ಹೊಡೆದ್ರು. ಭೂತಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ.

ಹೆಣ್ಣೊಪ್ಪಿಸೋ ಹೊತ್ತಾತು. ರಂಗಮ್ಮನಿಗೆ ಕಡೇ ನುಡಿ ಗೊತ್ತಿಲ್ವಲ್ಲ, ಮಂಡಗದ್ದೇಲಿ ಮಾಡಿದ ಹಾಗೆ ತಲೆ ಸವರಿ ಬಿಡೋಣ ಅಂತ ಕೈ ಎತ್ತಿದ್ಲು. ಆ ಕೈ ಹೋಗಿ ತನ್ನದೇ ಸೆರಗು ಹಿಡಿದು ಲಿಖಿತಾ ತಲೆ ಮೇಲೆ ಎಳೀತು. ಒಳಗಿಂದ ಗುಂಯ್ ಅಂತ ಸದ್ದು... ಬಹಳ ಹೊತ್ತು. ಸೆರಗು ತೆಗೆದಾಗ ಹುಡುಗಿ ಅಳ್ತಿರ್ಲಿಲ್ಲ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ಲು. ಎಲ್ಲರ ಮುಂದೆ ನನ್ನ ಹತ್ರ ಬಂದು ಕೈ ಹಿಡಿದು, ಆ ಕಡೆ ಕರ್ಕೊಂಡು ಹೋಗಿ ಹೇಳಿದ್ಲು.

"ಯಮುನಜ್ಜಿ, ಅದು ನಮ್ಮಜ್ಜಿ."

"ಎಂತ ಹೇಳಿದ್ಲೇ? ಆ ನುಡಿ ಹೇಳಿದ್ಲಾ?"

"ನುಡಿ ಇಲ್ಲ ಎಂತದೂ ಇಲ್ಲ. 'ಹಾಡಿದ್ದು ನಾನು ಅಂತ ಎಲ್ಲರಿಗೂ ಹೇಳು, ಹಾಡಿದ್ದು ನಾನು ಅಂತ ಎಲ್ಲರಿಗೂ ಹೇಳು'... ಅದೇ, ಮತ್ತೆ ಮತ್ತೆ. ನಂಗೆ ಒಳ್ಳೇದಾಗ್ಲಿ ಅಂತ ಒಂದು ಮಾತು ಹೇಳ್ಲಿಲ್ಲ ಅಜ್ಜಿ."

ಎತ್ತಿ ಆಡಿಸಿದ ಮೊಮ್ಮಗಳು ಕಣ್ರೇ ಅವಳು. ಮನೆ ಬಿಟ್ಟು ಹೊರಟಿದಾಳೆ. ಅವಳ ಕಿವೀಲಿ ಹೇಳೋಕೆ ಸತ್ತೋಳಿಗೆ ಸಿಕ್ಕಿದ್ದು ಇಷ್ಟೇ ಮಾತು!

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಮದುವೆ ಮುಗೀತು, ದನಿ ಹೋಗಲಿಲ್ಲ.

ರಂಗಮ್ಮ ಕೋಳಿ ಕರೆದ್ರೆ ಕನ್ನಮ್ಮನ ದನಿ. ಫೋನಲ್ಲಿ ಮಗನ ಹತ್ರ ಮಾತಾಡಿದ್ರೆ ಆ ಕಡೆಯಿಂದ ಅವನು "ಯಾರು? ದೊಡ್ಡಮ್ಮನಾ?" ಅಂತ ಫೋನ್ ಇಟ್ಟುಬಿಡ್ತಿದ್ದ. ಒಂದು ಸಂಜೆ ಗಂಡನ್ನ ಕೂಗಿದ್ಲು, "ಕೇಳ್ತಾ? ನೀರು ಕಾದದೆ, ಸ್ನಾನಕ್ಕೆ ಬನ್ನಿ" ಅಂತ. ಗೋಡೆ ಆ ಕಡೆಯಿಂದ ಭೂತಪ್ಪ "ಬಂದೆ" ಅಂದ. ಹೆಗಲ ಮೇಲೆ ಟವೆಲ್ ಹಾಕ್ಕೊಂಡು ತಮ್ಮನ ಮನೆ ಬಚ್ಚಲಿಗೆ ಬಂದು ನಿಂತ. ರಂಗಮ್ಮನ್ನ ನೋಡಿದ, ಒಲೆ ನೋಡಿದ, ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತ. ಆಮೇಲೆ ದಿನಾ ಬಂದು ಜಗಲಿ ಮೇಲೆ ಕೂರೋದು, "ಎಂತಾದ್ರೂ ಮಾತಾಡು ತಂಗಿ, ಎಂತಾದ್ರೂ" ಅನ್ನೋದು. ಮಾರಪ್ಪಂದು ಇನ್ನೊಂದು ಕಷ್ಟ. ಅತ್ತಿಗೆ ಎದುರಿಗೆ ಯಾವತ್ತೂ ಕೂತೋನಲ್ಲ ಅವನು. ಈಗ ಹೆಂಡ್ತಿ ಬಾಯಿ ತೆಗೆದ್ರೆ ಉಣ್ತಾ ಇದ್ದವನು ಎದ್ದು ನಿಲ್ತಿದ್ದ. ತಟ್ಟೆ ಎತ್ಕೊಂಡು ಹೊರಗೆ ಹೋಗಿ ಉಣ್ಣಕ್ಕೆ ಶುರು ಮಾಡಿದ.

ನೀವು ಕೇಳ್ಬಹುದು, ರಂಗಮ್ಮ ಹಾಡೋದು ಬಿಡ್ಬಹುದಿತ್ತಲ್ಲ ಅಂತ. ನಾನೂ ಹೇಳಿದೆ. ಬಿಡ್ಲಿಲ್ಲ ಅವಳು! ನಿಟ್ಟೂರಿಂದ ಕರೆದ್ರು, ಹೋದ್ಲು. ಸಾಗರದಿಂದ ಕರೆದ್ರು, ಹೋದ್ಲು. ಎಲ್ಲ ಕಡೆ ವೀಳ್ಯ ಅವಳ ಕೈಗೇ ಬರ್ತಿತ್ತು, ಮುಂದಿನ ಸೀಟು ಅವಳದ್ದೇ ಆಗಿತ್ತು. ಒಂದಿನ ಬರ್ತಾ ಕಾರಲ್ಲಿ ನನ್ನ ಕಿವೀಲಿ, ಆ ಕನ್ನಮ್ಮನ ದನೀಲೇ ಹೇಳಿದ್ಲು, "ಅವಳು ಬಂದು ಹಾಡ್ಲಿ. ಜನ ನೋಡೋದು ನನ್ನ ಮುಖ." ಯಾರು ಯಾರನ್ನ ಹಿಡಿದಿದಾರೆ ಅಂತ ನಂಗೆ ಆವತ್ತು ತಲೆ ಕೆಟ್ಟುಹೋತು. ಸತ್ತೋಳಿಗೆ ಇವಳ ಬಾಯಿ ಮೇಲೆ ಹೊಟ್ಟೆಕಿಚ್ಚು, ಬದುಕಿದೋಳಿಗೆ ಅವಳ ದನಿ ಮೇಲೆ ಹೊಟ್ಟೆಕಿಚ್ಚು. ಬಿಡೋರು ಯಾರು?

ಆದ್ರೆ ಮೈ ತಡೀಬೇಕಲ್ಲ. ಒಂದೊಂದು ಮದುವೆ ಮುಗಿಸಿ ಬಂದಾಗಲೂ ಅವಳ ಗಂಟಲು ಬಾತಿರ್ತಿತ್ತು, ಉಗುಳಿದ್ರೆ ರಕ್ತ ಬರ್ತಿತ್ತು. ಹಾಡುವಾಗ ಉಸಿರು ತಗೊಳ್ಳೋದು ಅವಳ ಕೈಲಿ ಇರ್ಲಿಲ್ಲ. ಸಾಗರದ ಮದುವೇಲಿ ಹಾಡಿನ ನಡುವೆ ಮುಖ ನೀಲಿ ಆಗಿ ಬಿದ್ಲು. ಬಿದ್ದ ಮೇಲೂ ಸೊಲ್ಲು ಪೂರ್ತಿ ಮುಗೀತು, ಆಮೇಲೇ ಬಾಯಿ ಮುಚ್ಚಿದ್ದು.

ಆಷಾಢಕ್ಕೆ ತವರಿಗೆ ಬಂದಿದ್ದ ಲಿಖಿತಾ ಇದನ್ನ ನೋಡಿ ಹೆದರಿದ್ಲು. "ಚಿಕ್ಕಜ್ಜಿ, ನೀನು ಸತ್ತೇ ಹೋಗ್ತೀಯ. ಆವತ್ತು ನಮ್ಮಜ್ಜಿಗೆ ಸಿಗಬೇಕಾದ್ದು ಸಿಗಲಿಲ್ಲ, ಈಗ ಕೊಡು. ವೀಳ್ಯ ತಗೊಂಡು ಅವಳನ್ನ ಮಣ್ಣು ಮಾಡಿದ ಜಾಗಕ್ಕೆ ಹೋಗಣ. 'ಅಕ್ಕಾ, ಹಾಡಿದ್ದು ನೀನು' ಅಂತ ಹೇಳು. ಇಷ್ಟೇ. ನಂಗೋಸ್ಕರ" ಅಂತ ಕಾಲು ಹಿಡಿದ್ಲು. ರಂಗಮ್ಮನಿಗೂ ಸಾಕಾಗಿತ್ತು ಅಂತ ಕಾಣ್ತದೆ. ಹ್ಞೂಂ ಅಂದ್ಲು.

ಮಾರನೇ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಗದ್ದೆ ಆಚೆ ಹೊನ್ನೆ ಮರದ ಬುಡದಲ್ಲಿ ಅವಳನ್ನ ಇಟ್ಟಿದ್ದು. ಭೂತಪ್ಪ, ಮಾರಪ್ಪ, ಲಿಖಿತಾ, ನಾನು, ಊರವರು ಒಂದಷ್ಟು ಜನ ಹೋದ್ವಿ. ರಂಗಮ್ಮ ತಟ್ಟೆ ಹಿಡ್ಕೊಂಡು ಮುಂದೆ ನಿಂತ್ಲು. ಎಲೆ ಇತ್ತು, ಅಡಿಕೆ ಇತ್ತು, ಒಂದು ಹಿಡಿ ಮಲ್ಲಿಗೆ ಇತ್ತು. ಬಗ್ಗಿ ತಟ್ಟೆ ಕೆಳಗಿಟ್ಲು. ಕೈ ಮುಗಿದ್ಲು. "ಅಕ್ಕಾ..." ಅಂದ್ಲು. ಆ ಒಂದು ಮಾತು ಅವಳ ಸ್ವಂತ ದನೀಲಿ ಬಂತು! ಅದನ್ನ ಕೇಳಿ ಎಷ್ಟು ದಿನ ಆಗಿತ್ತು, ನಮ್ಮ ಕಣ್ಣಲ್ಲೆಲ್ಲ ನೀರು. ಮಾರಪ್ಪ "ಹೇಳು, ಹೇಳು" ಅಂತ ಪಿಸುಗುಟ್ಟಿದ.

ರಂಗಮ್ಮ ತಟ್ಟೆ ನೋಡಿದ್ಲು. ನಮ್ಮನ್ನೆಲ್ಲ ತಿರುಗಿ ನೋಡಿದ್ಲು. ಬೆನ್ನು ನೆಟ್ಟಗಾತು.

"ಹಾಡಿದ್ದು ನಾನು" ಅಂದ್ಲು.

ಕನ್ನಮ್ಮನ ದನಿ.

ಈಗ ನೀವೇ ಹೇಳಿ... ಅದನ್ನ ಹೇಳಿದ್ದು ಯಾರು? ಸತ್ತೋಳು ತನ್ನದನ್ನ ಕೇಳಿ ಪಡ್ಕೊಂಡ್ಲಾ, ಬದುಕಿದೋಳು ಬಗ್ಗೋಕೆ ಆಗದೆ ನಿಂತ್ಲಾ? ಲಿಖಿತಾ ಒಂದು ಹೇಳ್ತಾಳೆ, ಮಾರಪ್ಪ ಇನ್ನೊಂದು ಹೇಳ್ತಾನೆ. ನಾನು ಅವಳ ಕಣ್ಣು ನೋಡ್ತಿದ್ದೆ, ನಂಗೂ ಗೊತ್ತಾಗ್ಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಗದ್ದೆ ಬದು ಮೇಲೆ ಮನೆಗೆ ನಡೆದ್ಲು. ಅವತ್ತಿಂದ ರಂಗಮ್ಮ ಮಾತಾಡಿಲ್ಲ. ಯಾರ ಹತ್ರಾನೂ, ಒಂದು ಅಕ್ಷರ ಕೂಡ. ಕೋಳಿಗೆ ಕಾಳು ಎಸೀತಾಳೆ, ಕರೆಯಲ್ಲ. ಡಾಕ್ಟ್ರು ಎಂತ ತೊಂದ್ರೆ ಇಲ್ಲ ಅಂದ್ರು. ತಾನು ಬಾಯಿ ಮುಚ್ಚಿದ್ರೆ ಅವಳಿಗೂ ಬಾಯಿ ಇಲ್ಲ ಅಂತ ಹಟ ಹಿಡಿದಿದಾಳೆ. ಭೂತಪ್ಪ ಪಾಪ ಈಗಲೂ ಜಗಲಿ ಮೇಲೆ ಕಾಯ್ತಾ ಕೂತಿರ್ತಾನೆ.

*

ಮಳೆ ಸ್ವಲ್ಪ ಕಡಿಮೆಯಾಗಿತ್ತು. ದಿನೇಶ ಒಲೆ ಆರಿಸಿದ್ದ. "ಹಾಗಾದ್ರೆ ಕಾಟ ನಿಂತಿತಲ್ಲ ಅಜ್ಜಿ, ಅವರು ಹ್ಯಾಗೂ ಮಾತೇ ಆಡಲ್ವಲ್ಲ" ಎಂದೆ ನಾನು, ಏನಾದರೂ ಹೇಳಬೇಕೆಂದು.

ಯಮುನಮ್ಮ ನನ್ನನ್ನು ನೋಡಿದರು.

"ಮೊನ್ನೆ ಮಧ್ಯಾಹ್ನ ಬಸಳೆ ಸೊಪ್ಪು ಕೊಡೋಣ ಅಂತ ಅವಳ ಮನೆಗೆ ಹೋದೆ. ಊಟ ಮಾಡಿ ಚಾಪೆ ಮೇಲೆ ನಿದ್ದೆ ಹೋಗಿದ್ಲು. ನಿದ್ದೇಲಿ ಬಾಯಿ ಸ್ವಲ್ಪ ತೆರೆದಿತ್ತು. ಒಳಗಿಂದ ಸಣ್ಣಗೆ ಪದ ಬರ್ತಿತ್ತು... ಎತ್ತೋದು ಕನ್ನಮ್ಮ. ಬಾಲ ಹಿಡಿಯೋದು ರಂಗಮ್ಮ, ಅವಳದ್ದೇ ಸ್ವಂತ ದನಿ. ಹಿಂದೆಲ್ಲ ಹಾಡ್ತಿದ್ದ ಹಾಗೇ, ಎಷ್ಟು ಚೆಂದ! ಅವರಿಬ್ಬರದ್ದು ಆದ್ಮೇಲೆ ಹಿಂದಿನವರು ತಿರುಗಿ ಹೇಳೋ ಜಾಗ ಬರ್ತದೆ, ಅಲ್ಲಿ ಖಾಲಿ ಇರ್ಬೇಕಿತ್ತು. ಯಾರೋ ಹೇಳಿದ್ರು. ಯಾರಪ್ಪಾ ಅಂತ ತಿರುಗಿ ನೋಡಿದೆ. ಯಾರೂ ಇಲ್ಲ. ಆಮೇಲೆ ನೋಡ್ತೀನಿ... ನನ್ನ ತುಟಿ ಆಡ್ತಾ ಅದೆ."

ಹೊರಗೆ ನಮ್ಮ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.

"ಅವತ್ತಿಂದ ನಾನು ಮಾತಾಡ್ತಾನೇ ಇರ್ತೀನಿ ಕಣ್ರೇ. ಒಲೆ ಮುಂದೆ ಒಬ್ಬಳೇ ಕೂತ್ರೂ ಮಾತಾಡ್ತೀನಿ, ದನದ ಹತ್ರ ಮಾತಾಡ್ತೀನಿ, ಬಸ್ಸಲ್ಲಿ ಗುರ್ತಿಲ್ಲದವರ ಹತ್ರ ಮಾತಾಡ್ತೀನಿ. ಅಜ್ಜಿಗೆ ಅರಳು ಮರಳು ಅಂತಾರೆ ಮನೇಲಿ. ಮತ್ತೆಂತ ಮಾಡಲಿ? ನಾನು ಮಾತು ನಿಲ್ಲಿಸಿದ ಕೂಡ್ಲೆ ಕನ್ನಮ್ಮ ಸೊಲ್ಲು ಎತ್ತುತಾಳೆ..."

ಯಮುನಮ್ಮ ಮಾತು ನಿಲ್ಲಿಸಿದರು.